ಬಾಗಿಲ ದಿನದ ನೀರು

ಪುಟ್ಟರಾಜು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಅಷ್ಟು ವರ್ಷದಲ್ಲಿ ಕೈ ಅಡ್ಡ ಹಾಕಿದ ಒಬ್ಬ ಮುದುಕಿಯನ್ನೂ ಬಿಟ್ಟು ಬಂದವನಲ್ಲ. ಸ್ಟಾಪು ಇರಲಿ ಇಲ್ಲದಿರಲಿ, ನಿಲ್ಲಿಸಿ ಬಾಗಿಲು ತೆಗೆಸುತ್ತಿದ್ದ. ಕಂಡಕ್ಟರ್ ಗೊಣಗಿದರೆ ಗೊಣಗಲಿ. ಅಂಥ ಮನುಷ್ಯ ಆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ, ಸೀಗೆಕೋಟೆ ಊರಿಗೆ ಊರೇ ನೋಡುತ್ತಿರುವಾಗ, ಕೋಟೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಾಗಿಲು ತೆಗೆಯುವುದಿಲ್ಲ ಎಂದುಬಿಟ್ಟ. ಅದೂ ಯಾವ ದಿನ ಅಂತೀರಿ? ಬಾಗಿಲು ತೆಗೆಯುವುದಕ್ಕೆಂದೇ ಆ ಊರಿನಲ್ಲಿ ಇಟ್ಟುಕೊಂಡಿರುವ ದಿನ.

ಇದು ತಿಳಿಯಬೇಕಾದರೆ ಬಾಗಿಲ ದಿನ ಅಂದರೆ ಏನು ಅಂತ ಒಂದಿಷ್ಟು ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ, ಬೇಗ ಮುಗಿಸುತ್ತೇನೆ.

ಸೀಗೆಕೋಟೆ ಅರಕಲಗೂಡಿಗೆ ಒಂಬತ್ತು ಕಿಲೋಮೀಟರು, ಹೊಳೆಯ ಈಚೆ ದಂಡೆ. ಇನ್ನೂರು ವರ್ಷದ ಹಿಂದೆ ಅಲ್ಲಿ ಕೆಂಚಪ್ಪನಾಯಕ ಅಂತ ಒಬ್ಬ ಪಾಳೇಗಾರ ಇದ್ದ. ಕಂಪನಿಯವರಿಗೆ ಕಪ್ಪ ಕೊಡಲ್ಲ ಅಂದ. ದಂಡು ಬಂತು. ಮೂರು ಯುದ್ಧ ಆದವು. ಮೊದಲನೆಯದು ಹೊಳೆದಂಡೆಯದು: ನಾಯಕನ ಕಡೆಯವರು ಹರಿಗೋಲುಗಳ ಹಗ್ಗ ಕಡಿದು, ಅರ್ಧ ದಂಡನ್ನು ನೀರಿಗೆ ಹಾಕಿದರು. ಎರಡನೆಯದು ಬಂಡೆಕಣಿವೆಯದು: ಮೇಲಿಂದ ಗುಂಡುಕಲ್ಲು ಉರುಳಿಸಿ ಮಿಕ್ಕವರನ್ನು ಓಡಿಸಿದರು. ಮೂರನೆಯದು ಕೋಟೆ ಬಾಗಿಲಿನದು. ದೊಡ್ಡ ದಂಡು ಬಂದು ಮೂರು ದಿನ ಕೋಟೆಯನ್ನು ಮುತ್ತಿತು. ಬಾಗಿಲು ಕಾಯುತ್ತಿದ್ದ ಜವರಯ್ಯ ಅನ್ನುವವನು ಬಹುಮಾನದ ಆಸೆಗೆ ಅಗುಳಿ ತೆಗೆದ, ದಂಡು ನುಗ್ಗಿತು, ನಾಯಕ ಬಾಗಿಲಲ್ಲೇ ಹೋರಾಡಿ ಸತ್ತ. ಊರಿನ ಬಾಯಲ್ಲಿರುವ ಕಥೆ ಇಷ್ಟು.

ಯುಗಾದಿ ಕಳೆದ ಎರಡನೇ ಭಾನುವಾರ ಈ ಮೂರು ಯುದ್ಧಗಳನ್ನೂ ಕೋಟೆಯೊಳಗೆ ಹಗಲು ಹೊತ್ತಿನಲ್ಲೇ ಆಡುತ್ತಾರೆ. ನಾಟಕ ಅನ್ನಿ. ಆದರೆ ಪಾತ್ರ ಹಂಚುವ ಹಾಗಿಲ್ಲ. ನಾಯಕನ ವಂಶದ ದೊಡ್ಡಮನೆಯವರೇ ನಾಯಕನಾಗಬೇಕು. ಜವರಯ್ಯನ ವಂಶದ ಬಾಗಿಲಮನೆಯವರೇ ಜವರಯ್ಯನಾಗಬೇಕು. ಪುಟ್ಟರಾಜು ಬಾಗಿಲಮನೆಯವನು. ಅವನ ಅಪ್ಪ ಮೂವತ್ತು ವರ್ಷ ದ್ರೋಹಿಯಾಗಿದ್ದರು, ಇವನಿಗೆ ಇದು ಇಪ್ಪತ್ತೆರಡನೇ ವರ್ಷ.

ಇನ್ನೊಂದು ಕಟ್ಟುಪಾಡಿದೆ, ಅದೇ ಮುಖ್ಯ. ಬಾಗಿಲ ದಿನ ಸೂರ್ಯ ಹುಟ್ಟಿದಾಗಿನಿಂದ, ನಾಟಕದಲ್ಲಿ ಬಾಗಿಲು ತೆರೆಯುವವರೆಗೆ, ಊರಿನಲ್ಲಿ ಯಾರೂ ನೀರು ಕುಡಿಯುವಂತಿಲ್ಲ. ಹಾಲುಹಲ್ಲು ಬೀಳದ ಮಕ್ಕಳಿಗೆ ಮಾತ್ರ ವಿನಾಯಿತಿ. ಬಾಗಿಲು ತೆರೆದ ಕೂಡಲೇ ದೊಡ್ಡಮನೆಯ ಹಿರಿಯ ಹೆಂಗಸು ಹೊಳೆ ನೀರಿನ ಮೊದಲ ಚೊಂಬನ್ನು ಜವರಯ್ಯನ ಪಾತ್ರದವನಿಗೆ ಕುಡಿಸಬೇಕು. ಆಮೇಲೆ ಅದೇ ಕೈಯಿಂದ ಅವನ ಬೆನ್ನಿಗೆ ಪೊರಕೆಯಲ್ಲಿ ಒಂದು ಏಟು. ಆಮೇಲೆ ಶಾಲು, ತಾಂಬೂಲ. ಆಮೇಲೆ ಊರಿಗೆಲ್ಲ ನೀರು. ದ್ರೋಹದ ಪಾಪ ತೊಳೆಯುವುದಕ್ಕೆ ಹಿರಿಯರು ಹೀಗೆ ಮಾಡಿದ್ದಾರೆ ಅನ್ನುತ್ತಾರೆ. ಪುಟ್ಟರಾಜುವಿನ ಮಗಳು ಮೇಘಶ್ರೀ ಒಂದು ಸಲ ಕೇಳಿದ್ದಳು: ಪಾಪ ಕಳೆಯೋದು ಪೊರಕೆಯಿಂದಾದರೆ ಪೊರಕೆ ಮೊದಲು ಆಗಬೇಕಲ್ಲ, ದ್ರೋಹಿಗೆ ಊರಿಗಿಂತ ಮುಂಚೆ ನೀರು ಯಾಕೆ? ಅವಳು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್, ಪ್ರಶ್ನೆ ಕೇಳುವುದು ಅವಳ ಕಸುಬು. ಪುಟ್ಟರಾಜು ನಕ್ಕುಬಿಟ್ಟಿದ್ದ. ಅವನಿಗೂ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಆ ಪೊರಕೆ ಏಟು ಅವನಿಗೆ ಯಾವತ್ತೂ ಭಾರ ಅನ್ನಿಸಿರಲಿಲ್ಲ. ಬೆನ್ನಿನ ಕಸ ಕೊಡವಿಕೊಂಡು ಶಾಲು ಹೊದ್ದು ಮನೆಗೆ ಬಂದರೆ ಮುಗಿಯಿತು. ಮಾರನೆಯ ದಿನ ಬೆಳಿಗ್ಗೆ ಆರೂಕಾಲಿನ ಬಸ್ಸಿನಲ್ಲಿ ಅವನನ್ನು ಯಾರೂ ದ್ರೋಹಿ ಅನ್ನುತ್ತಿರಲಿಲ್ಲ, ಡ್ರೈವರ್ ಪುಟ್ಟಣ್ಣ ಅನ್ನುತ್ತಿದ್ದರು.

ಕೆಟ್ಟದ್ದು ಕಲ್ಲಿನಿಂದ.

ದೊಡ್ಡಮನೆಯ ಕಾಂತರಾಜು ಏಳು ವರ್ಷ ಹಾಸನದ ಕಚೇರಿಗಳನ್ನು ಅಲೆದು, ಕೋಟೆ ಬಾಗಿಲಿನ ಹೊರಗೆ ಒಂದು ಸ್ಮಾರಕ ಮಂಜೂರು ಮಾಡಿಸಿಕೊಂಡು ಬಂದಿದ್ದ. ಪಾಪ, ಅವನೇನೂ ಕೆಟ್ಟವನಲ್ಲ. ಅಕ್ಕಿ ಗಿರಣಿ ಕೆಲಸ ಬಿಟ್ಟು ಓಡಾಡಿ ಚಪ್ಪಲಿ ಸವೆಸಿದ್ದ. ಅವನ ಮನೆತನದ ನಾಯಕನ ಹೆಸರು ಊರಾಚೆಗೆ ಯಾರಿಗೂ ಗೊತ್ತಿಲ್ಲವಲ್ಲ ಅನ್ನುವ ಸಂಕಟ ಅವನದು. ಶುಕ್ರವಾರ ಹಾಸನದಿಂದ ಗೂಡ್ಸ್ ಆಟೋದಲ್ಲಿ ಆಳೆತ್ತರದ ಗ್ರಾನೈಟ್ ಕಲ್ಲು ಬಂತು. ಇಳಿಸುವುದಕ್ಕೆ ಕೈ ಸಾಲದೆ ಪುಟ್ಟರಾಜುವನ್ನೂ ಕರೆದರು. ಅವನು ಹೆಗಲು ಕೊಟ್ಟು ಇಳಿಸಿ, ಬೆವರು ಒರೆಸಿಕೊಂಡು, ಹೊಳೆಯುವ ಅಕ್ಷರಗಳನ್ನು ಓದಿದ. ಮೇಲಿನದೆಲ್ಲ ನಾಯಕನ ಪ್ರತಾಪ. ಕೆಳಗೆ ಹೀಗಿತ್ತು: "ಮೂರನೆಯ ಯುದ್ಧದಲ್ಲಿ ಜವರಯ್ಯನೆಂಬ ದ್ರೋಹಿಯು ಬಹುಮಾನದ ಆಸೆಗೆ ಕೋಟೆ ಬಾಗಿಲು ತೆರೆದುದರಿಂದ ನಾಯಕರು ವೀರಮರಣವನ್ನಪ್ಪಿದರು. ಸದರಿ ಜವರಯ್ಯನ ವಂಶಸ್ಥರು ಇಂದಿಗೂ ಇದೇ ಗ್ರಾಮದ ಬಾಗಿಲಮನೆಯಲ್ಲಿ ವಾಸವಾಗಿದ್ದಾರೆ."

ಸದರಿಯಂತೆ, ಸದರಿ. ಪುಟ್ಟರಾಜು ಅದನ್ನು ಮೂರು ಸಲ ಓದಿದ.

ಆ ಕೊನೆಯ ಸಾಲು ತೆಗೆಸು ಅಂತ ಕಾಂತರಾಜುವನ್ನು ಕೇಳಿದ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಮುಚ್ಚುಮರೆ ಇರಲಿಲ್ಲ. ಕಾಂತರಾಜುವಿಗೆ ನಿಜಕ್ಕೂ ಆಶ್ಚರ್ಯವಾಯಿತು. ಅದರಲ್ಲಿ ಸುಳ್ಳೇನಿದೆ, ನೋಡೋಕೆ ಬಂದವರಿಗೆ ಮಾಹಿತಿ ಇರಲಿ ಅಂತ ಹಾಕಿಸಿದ್ದು, ವರ್ಷ ವರ್ಷ ನೀನೇ ಊರ ಮುಂದೆ ಆಡಿ ತೋರಿಸೋದನ್ನೇ ಕಲ್ಲಿನಲ್ಲಿ ಬರೆದರೆ ನೋವೇಕೆ ಅಂದ. ಅಲ್ಲದೆ ಅದು ಗ್ರಾನೈಟ್, ಸೀಮೆಸುಣ್ಣವಲ್ಲ ಒರೆಸೋಕೆ; ಭಾನುವಾರ ನಾಟಕ ಮುಗಿದ ಕೂಡಲೇ ಮಂತ್ರಿಗಳು ಬಂದು ಪರದೆ ಎಳೆಯುತ್ತಾರೆ ಅಂದ. ಪೊರಕೆಯ ಏಟಿಗೂ ಕಲ್ಲಿನ ಅಕ್ಷರಕ್ಕೂ ಇರುವ ವ್ಯತ್ಯಾಸ ಅವನಿಗೆ ಹೊಟ್ಟೆಯೊಳಗೆ ಗೊತ್ತಿತ್ತು, ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ.

ಮನೆಗೆ ಬಂದರೆ ಮೇಘಶ್ರೀ ಆಗಲೇ ಯಾರದೋ ಫೋನಿನಲ್ಲಿ ಆ ಕಲ್ಲಿನ ಫೋಟೋ ನೋಡಿದ್ದಳು. ಅಳಲಿಲ್ಲ, ಕೂಗಾಡಲಿಲ್ಲ. ಸ್ಮಾರಕ ಉದ್ಘಾಟನೆ ಆದ ಮೇಲೆ ತಾಲ್ಲೂಕಿನ ಸ್ಕೂಲುಗಳ ಮಕ್ಕಳನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಬೇಕಂತೆ, ಸುತ್ತೋಲೆ ಬಂದಿದೆಯಂತೆ, ನಾನೂ ನಮ್ಮ ಮಕ್ಕಳನ್ನು ಕರೆತಂದು ಕಲ್ಲಿನ ಮುಂದೆ ನಿಲ್ಲಿಸಬೇಕು ಅಂದಳು.

"ಮಕ್ಕಳು ಓದ್ತಾರಪ್ಪ. ಓದಿ ನನ್ನ ಮುಖ ನೋಡ್ತಾರೆ. ಆಗ ನಾನೇನು ಹೇಳ್ಲಿ?"

ಅಷ್ಟೇ ಅವಳು ಕೇಳಿದ್ದು. ಪುಟ್ಟರಾಜು ಊಟ ಮಾಡದೆ ಎದ್ದುಹೋದ. ಹೆಂಡತಿ ಪ್ರೇಮಕುಮಾರಿ ಕರೆದರೂ ತಿರುಗಿ ನೋಡಲಿಲ್ಲ.

ಭಾನುವಾರ ಬಂತು. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಕೋಟೆಯ ಗೋಡೆಗಳು ಇನ್ನೂ ಎರಡಾಳು ಎತ್ತರ ಇವೆ. ಎದುರಿಗೆ ದೊಡ್ಡ ಬಾಗಿಲು, ಹಿಂದುಗಡೆ ಹೊಳೆಯ ಕಡೆಗೆ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಒಂದು ಗಂಡಿ. ನಾಯಕನ ಗಂಡಿ ಅನ್ನುತ್ತಾರೆ ಅದಕ್ಕೆ. ದೊಡ್ಡಮನೆಯ ಹೆಂಗಸರು ಆ ಕಡೆ ತಲೆ ತಿರುಗಿಸಿಯೂ ನೋಡುವುದಿಲ್ಲ. ಯಾಕೆ ಅಂದರೆ, ನೋಡಬಾರದು ಅಂತ ಅತ್ತೆ ಹೇಳಿದ್ದಾರೆ ಅನ್ನುತ್ತಾರೆ, ಮುಗಿಯಿತು.

ಊರೆಲ್ಲ ಕೋಟೆಯೊಳಗೆ ಚಪ್ಪರದಡಿ ಕೂತಿತ್ತು. ಮುಂದುಗಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ದೊಡ್ಡತಾಯಮ್ಮ. ಕಾಂತರಾಜುವಿನ ತಾಯಿ, ಎಂಬತ್ತನಾಲ್ಕು ವರ್ಷ, ಬಿ.ಪಿ. ಉಂಟು, ಸಕ್ಕರೆ ಕಾಯಿಲೆ ಉಂಟು. ಅವರ ಪಾದದ ಹತ್ತಿರ ಹೊಳೆ ನೀರಿನ ಹಿತ್ತಾಳೆ ಚೊಂಬು, ಮೇಲೆ ತಟ್ಟೆ ಮುಚ್ಚಿತ್ತು. ಪಕ್ಕದಲ್ಲಿ ಹೊಸ ಪೊರಕೆ. ಡಾಕ್ಟರು ನೀರು ಬಿಡಬೇಡಿ ಅಂದಿದ್ದರೂ ಆ ತಾಯಿ ಒಂದು ವರ್ಷವೂ ಕಟ್ಟುಪಾಡು ಮೀರಿದವರಲ್ಲ.

ಚನ್ನರಾಯಪಟ್ಟಣದಿಂದ ಬರುವ ನಂಜಯ್ಯ ಮೇಷ್ಟ್ರು ಹಾರ್ಮೋನಿಯಂ ಹಿಡಿದರು. ಹೊಳೆದಂಡೆ ಯುದ್ಧ ಚೆನ್ನಾಗಾಯಿತು. ಬಂಡೆಕಣಿವೆ ಯುದ್ಧ ಇನ್ನೂ ಚೆನ್ನಾಗಾಯಿತು. ಕಾಂತರಾಜು ಜರಿಪೇಟ ಕಟ್ಟಿ, ಮೀಸೆ ತಿರುವಿ, ಎರಡು ಯುದ್ಧ ಗೆದ್ದ. ಗೊಬ್ಬರದಂಗಡಿ ನಾಗೇಶ್ ಕೆಂಪು ಕೋಟು ತೊಟ್ಟ ಕಂಪನಿ ಕ್ಯಾಪ್ಟನ್. ಹನ್ನೆರಡು ಜನ ಸಿಪಾಯಿಗಳೊಂದಿಗೆ ಕೋಟೆಯ ಹೊರಗೆ ಬಿಸಿಲಿನಲ್ಲಿ ನಿಂತ. ಅವರ ಪಕ್ಕದಲ್ಲೇ ಪರದೆ ಹೊದ್ದ ಕಲ್ಲು.

ಮೂರನೆಯ ಯುದ್ಧ. ಮೇಷ್ಟ್ರು ಬಾಗಿಲಿನ ರಾಗ ಎತ್ತಿದರು. ಪುಟ್ಟರಾಜು ಬಂದು ಅಗುಳಿಯ ಮೇಲೆ ಕೈ ಇಟ್ಟ. ಮತ್ತಿ ಮರದ ಅಗುಳಿ, ತೊಡೆ ಗಾತ್ರದ್ದು. ನಾಯಕನ ಅನ್ನಕ್ಕಿಂತ ಕಂಪನಿಯ ಬಹುಮಾನ ರುಚಿ ಅನ್ನುವ ಮಾತು ಅವನು ಆಡಬೇಕಿತ್ತು. ಇಪ್ಪತ್ತೊಂದು ವರ್ಷ ಆಡಿದ್ದ. ಜನರ ನಡುವೆ ಮೇಘಶ್ರೀ ತಲೆ ತಗ್ಗಿಸಿಕೊಂಡು ಸೀರೆಯ ಸೆರಗಿನ ದಾರ ಎಳೆಯುತ್ತಿದ್ದಳು. ಅಲ್ಲಿಯವರೆಗೆ ಅವನ ಮನಸ್ಸಿನಲ್ಲಿ ಯಾವ ಯೋಚನೆಯೂ ಇರಲಿಲ್ಲ, ಸತ್ಯವಾಗಿ ಇರಲಿಲ್ಲ. ಕೈ ಅಗುಳಿಯಿಂದ ತಾನಾಗಿ ಜಾರಿತು.

"ಬಾಗ್ಲು ತೆಗ್ಯಕಿಲ್ಲ" ಅಂದ.

ಹೊಸ ಮಾತು ಸೇರಿಸಿದ್ದಾನೆ ಅಂದುಕೊಂಡು ಜನ ಚಪ್ಪಾಳೆ ಹೊಡೆದರು. ಮೇಷ್ಟ್ರು ರಾಗವನ್ನು ಇನ್ನೊಂದು ಸುತ್ತು ತಂದರು, ಮತ್ತೊಂದು ಸುತ್ತು ತಂದರು, ಮೂರನೇ ಸುತ್ತಿಗೆ ಬೆರಳು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. ಹೊರಗಡೆಯಿಂದ ನಾಗೇಶ ಬಾಗಿಲು ತಟ್ಟಿ, ಸಂಭಾಷಣೆ ಮರೆತುಹೋಯ್ತೇನಣ್ಣ, ನಾನು ಹೇಳಿಕೊಡ್ಲಾ ಅಂತ ಮೆಲ್ಲಗೆ ಕೇಳಿದ. ಪುಟ್ಟರಾಜು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಮರ್ತಿಲ್ಲ. ಆಚೆಗಿರೋ ಕಲ್ಲು ತೆಗೆಸ್ಲಿ. ಆಮ್ಯಾಕೆ ಬಾಗ್ಲು ತೆಗೀತೀನಿ."

ಚಪ್ಪರದಡಿ ಒಮ್ಮೆಲೇ ಎಲ್ಲರ ಬಾಯಿ ಬಿಚ್ಚಿತು. ಕೆಲವರು ಅವನು ಕೇಳುವುದರಲ್ಲಿ ತಪ್ಪೇನು ಅಂದರು. ಕೆಲವರು ದ್ರೋಹಿಯ ಬುದ್ಧಿ ಎಲ್ಲಿ ಹೋಗುತ್ತೆ ಅಂದರು. ಆ ಮಾತು ಆಡಿದವನು ಯಾರೆಂದು ಪುಟ್ಟರಾಜುವಿಗೆ ಕಾಣಲಿಲ್ಲ, ಕಿವಿಗೆ ಮಾತ್ರ ಸರಿಯಾಗಿ ಬಿತ್ತು. ಇಷ್ಟು ವರ್ಷ ಆಟದಲ್ಲಿದ್ದ ಮಾತು ಆಟದಿಂದ ಆಚೆಗೆ ಬಂದಿತ್ತು. ಆದರೂ ನಿಂತ.

ಕಾಂತರಾಜು ಮೊದಲು ನಕ್ಕ. ಆಮೇಲೆ ಗದರಿದ. ಆಮೇಲೆ ಹತ್ತಿರ ಬಂದು, ಮಂತ್ರಿಗಳು ಹಾಸನ ಬಿಟ್ಟಾಯ್ತು, ಏಳು ವರ್ಷದ ನನ್ನ ಕಷ್ಟ ಮಣ್ಣುಪಾಲು ಮಾಡಬೇಡ ಅಂತ ಕೇಳಿಕೊಂಡ. ಪುಟ್ಟರಾಜು ಎಲ್ಲದಕ್ಕೂ ಅದೇ ಒಂದು ಮಾತು ಹೇಳಿದ. ಇಬ್ಬರು ಹುಡುಗರು ಬಂದು ಅವನನ್ನು ಎಳೆದುಹಾಕುತ್ತೇವೆ ಅಂದಾಗ ನಂಜಯ್ಯ ಮೇಷ್ಟ್ರು ಎದ್ದು ನಿಂತು ತಡೆದರು. ಬಾಗಿಲಮನೆಯವನು ತನ್ನ ಕೈಯಿಂದ ತೆಗೆಯದೆ ಆ ಅಗುಳಿಯನ್ನು ಬೇರೆಯವರು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಆ ವರ್ಷದ ನೀರು ಯಾರಿಗೂ ದಕ್ಕದು, ನಿಮ್ಮೂರ ಕಟ್ಟುಪಾಡನ್ನು ಚನ್ನರಾಯಪಟ್ಟಣದ ನಾನು ಹೇಳಿಕೊಡಬೇಕಾ ಅಂದರು. ಹುಡುಗರು ಹಿಂದೆ ಸರಿದರು.

ಒಂದೂವರೆ ಆಯಿತು. ಬೆಳಿಗ್ಗೆಯಿಂದ ಒಣಗಿದ ಗಂಟಲುಗಳು. ಚಪ್ಪರದ ಗರಿಗಳ ಸಂದಿನಿಂದ ಬಿಸಿಲು ಇಳಿಯುತ್ತಿತ್ತು. ಮಾತು ಕಡಿಮೆಯಾಯಿತು, ಯಾಕೆಂದರೆ ಮಾತಾಡಿದರೆ ಬಾಯಿ ಇನ್ನೂ ಒಣಗುತ್ತಿತ್ತು. ಚೀಲದೊಳಗೆ ನೀರಿನ ಬಾಟಲಿ ಇಟ್ಟುಕೊಂಡು ಬಂದವರು ಇರಲಿಲ್ಲ ಅಂತಲ್ಲ; ಪಕ್ಕದವರ ಕಣ್ಣು ಅವರ ಚೀಲದ ಮೇಲೇ ಇತ್ತು. ಯಾರಾದರೂ ಒಬ್ಬರು ಮೊದಲು ಕುಡಿಯಲಿ ಅಂತ ಎಲ್ಲರೂ ಕಾಯುತ್ತಿದ್ದರು, ಆ ಮೊದಲನೆಯವನಾಗಲು ಒಬ್ಬನಿಗೂ ಧೈರ್ಯವಿರಲಿಲ್ಲ. ಹೊರಗೆ ಕಂಪನಿಯ ಸಿಪಾಯಿಗಳು ಕೋಟು ಬಿಚ್ಚಿ ಗೋಡೆಯ ನೆರಳಿಗೆ ಒರಗಿದ್ದರು. ಅಲ್ಲಿಂದ ಹೊಳೆ ಇನ್ನೂರು ಗಜವೂ ಇಲ್ಲ. ಕಿವಿಗೊಟ್ಟರೆ ಅದರ ಸದ್ದು ಗೋಡೆ ದಾಟಿ ಒಳಗೆ ಬರುತ್ತಿತ್ತು.

ಆ ಸದ್ದು ಪುಟ್ಟರಾಜುವಿಗೂ ಕೇಳಿಸಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿಸಿತು. ಯಾವಾಗಲೂ ಒಂದು ಗಂಟೆಗೆಲ್ಲ ಬಾಗಿಲು ತೆಗೆದು ಮುಗಿಯುತ್ತಿತ್ತಲ್ಲ, ಹೊಳೆಯ ಸದ್ದು ಕೇಳಿಸಿಕೊಳ್ಳುವಷ್ಟು ಬಾಯಾರಿಕೆ ಯಾರಿಗೂ ಆಗಿರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ದೊಡ್ಡತಾಯಮ್ಮನ ತಲೆ ಒಂದು ಕಡೆಗೆ ವಾಲಿತು.

ಮೊದಲು ಓಡಿದವಳು ಮೇಘಶ್ರೀ. ಅಜ್ಜಿಯ ತಲೆಯನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು ಸೆರಗಿನಿಂದ ಗಾಳಿ ಬೀಸಿದಳು. ಕಾಂತರಾಜು ಪೇಟ ಕಿತ್ತೆಸೆದು ತಾಯಿಯ ಮುಂದೆ ಮಂಡಿಯೂರಿದ, ಯಾರದೋ ಕೈಯಿಂದ ಬಾಟಲಿ ಕಿತ್ತುಕೊಂಡು ಬಾಯಿಗೆ ಹಿಡಿದ. ಆ ತಾಯಿ ಹಲ್ಲು ಕಚ್ಚಿಕೊಂಡರು. ನೀರು ಗಲ್ಲದಿಂದ ಇಳಿದು ಕುಪ್ಪಸಕ್ಕೆ ಹೋಯಿತು, ಒಳಗೆ ಒಂದು ತೊಟ್ಟೂ ಹೋಗಲಿಲ್ಲ. ಬಾಗಿಲು ತೆಗೆಯದೆ ಕುಡಿಯಲ್ಲ ಅಂತ ಕೈಸನ್ನೆ ಮಾಡಿದರು. ಕಾಂತರಾಜು ಅತ್ತ. ಐವತ್ತೆಂಟು ವರ್ಷದ ಗಂಡಸು, ನಾಯಕನ ವೇಷದಲ್ಲಿ, ಊರ ಮುಂದೆ ಅತ್ತ. ಆಂಬುಲೆನ್ಸಿಗೆ ಫೋನು ಮಾಡಿದರು. ಅರಕಲಗೂಡಿನಿಂದ ಬರಲು ಇಪ್ಪತ್ತು ನಿಮಿಷ ಬೇಕು ಅಂದರು.

ಕಾಂತರಾಜು ಎದ್ದು ಬಾಗಿಲಿಗೆ ಬಂದ.

"ನಮ್ಮವ್ವ ಓಯ್ತದೆ ಕಣ್ಲಾ ಪುಟ್ಟ. ನಿನ್ ಕಾಲ್ ಇಡ್ಕತೀನಿ, ತೆಗಿ."

"ಕಲ್ಲು ತೆಗೆಸ್ತೀನಿ ಅನ್ನು. ಒಂದ್ ಮಾತು ಕಾಂತ. ಈಗ್ಲೇ ತೆಗೀತೀನಿ."

ಕಾಂತರಾಜು ಬಾಯಿ ತೆರೆದ. ಅಷ್ಟರಲ್ಲಿ ಅವನ ಸೊಂಟದ ಪಟ್ಟಿಯೊಳಗಿದ್ದ ಫೋನು ಬಡಿದುಕೊಂಡಿತು. ಮಂತ್ರಿಗಳ ಕಾರು ಅರಕಲಗೂಡು ತಲುಪಿತಂತೆ. ಫೋನು ನೋಡಿದ, ತಾಯಿಯನ್ನು ನೋಡಿದ, ಬಾಗಿಲಿನ ಆಚೆ ಇರುವ ಕಲ್ಲಿನ ದಿಕ್ಕಿಗೆ ನೋಡಿದ. ತೆರೆದ ಬಾಯಿಂದ ಮಾತು ಬರಲಿಲ್ಲ. ಪುಟ್ಟರಾಜು ಅದನ್ನು ನೋಡಿ ತಣ್ಣಗಾಗಿಹೋದ. ಇವನು ಹೇಳಲಾರ ಅಂತ ಗೊತ್ತಾಯಿತು. ಹೇಳದಿದ್ದರೆ ಮುದುಕಿ ಸಾಯುತ್ತದೆ ಅಂತಲೂ ಗೊತ್ತಾಯಿತು.

ಇನ್ನು ಐದು ನಿಮಿಷ ತಡೆದರೆ ಕಾಂತರಾಜು ಬಗ್ಗಿಯಾನು. ಹತ್ತು ನಿಮಿಷಕ್ಕೆ ಖಂಡಿತ ಬಗ್ಗುತ್ತಾನೆ. ಬಗ್ಗಿದರೆ ಕಲ್ಲು ಹೋಗುತ್ತದೆ, ಮಗಳು ತಲೆಯೆತ್ತಿ ಪಾಠ ಮಾಡುತ್ತಾಳೆ. ಈಗ ತಾನು ಬಾಗಿಲು ತೆಗೆದರೆ ಪರದೆ ಬೀಳುತ್ತದೆ, ಮಂತ್ರಿಗಳು ಕೈ ಮುಗಿಯುತ್ತಾರೆ, ಬಾಗಿಲಮನೆ ಶಾಶ್ವತವಾಗಿ ದ್ರೋಹಿಯ ಮನೆ. ಪುಟ್ಟರಾಜು ಮಗಳ ಕಡೆ ನೋಡಿದ. ಅವಳು ಅಜ್ಜಿಯ ತಲೆ ಬಿಡದೆ, ಅವನನ್ನೇ ನೋಡುತ್ತಿದ್ದಳು. ಅವಳ ತುಟಿಯೂ ಒಣಗಿ ಬಿರಿದಿತ್ತು.

"ಅಪ್ಪ, ಸಾಕು. ತೆಗಿಯಪ್ಪ."

ಆಗ ಅವನು ತಿರುಗಿದ. ಎರಡೂ ಕೈಯಿಂದ ಅಗುಳಿಯನ್ನು ಎತ್ತಿದ. ಎತ್ತುವಾಗ ಅವನಿಗೆ ಬಹುಮಾನ ನೆನಪಾಗಲಿಲ್ಲ, ಕಂಪನಿ ನೆನಪಾಗಲಿಲ್ಲ, ನಾಯಕನೂ ನೆನಪಾಗಲಿಲ್ಲ. ಹಿಂದೆ ಕೂತಿರುವವರ ಬಾಯಾರಿಕೆ ಒಂದೇ ಇತ್ತು. ಇನ್ನೂರು ವರ್ಷದ ಹಿಂದೆ ಇದೇ ಜಾಗದಲ್ಲಿ, ಇದೇ ಹೊಳೆಯ ಸದ್ದು ಕೇಳಿಕೊಂಡು ನಿಂತಿದ್ದ ಒಬ್ಬನ ಬೆನ್ನ ಹಿಂದೆ ಎಷ್ಟು ಜನ ಕೂತಿದ್ದರೋ ಅಂತ ಮೊದಲ ಸಲ ಅನ್ನಿಸಿತು. ಮೂರು ದಿನ ಮುತ್ತಿದ್ದರಂತೆ. ಕೋಟೆಯೊಳಗೆ ಬಾವಿ ಇಲ್ಲ. ಇಷ್ಟು ವರ್ಷ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವಲ್ಲ ಅಂದುಕೊಂಡು ಅವನು ಬಾಗಿಲು ಎಳೆದ.

ಕಂಪನಿ ದಂಡು ಕೂಗಿಕೊಂಡು ನುಗ್ಗಬೇಕಿತ್ತು, ಮರೆತೇಬಿಟ್ಟಿತು. ನಾಗೇಶ ಕೋಟು ಹೆಗಲ ಮೇಲೆ ಹಾಕಿಕೊಂಡು ಮೆಲ್ಲಗೆ ಒಳಗೆ ಬಂದು, ದೊಡ್ಡತಾಯಮ್ಮನನ್ನು ನೋಡಿ ಟೋಪಿ ತೆಗೆದ.

ಪುಟ್ಟರಾಜು ಹೋಗಿ ಆ ತಾಯಿಯ ಮುಂದೆ ಕೂತ. ಮೇಘಶ್ರೀ ತಟ್ಟೆ ಸರಿಸಿ, ಚೊಂಬನ್ನು ಅಜ್ಜಿಯ ಕೈಗೆ ಕೊಟ್ಟು, ತನ್ನ ಕೈಯನ್ನು ಅದರ ಕೆಳಗೆ ಆಸರೆಯಾಗಿಟ್ಟಳು. ನಡುಗುವ ಚೊಂಬು ಮೊದಲು ಪುಟ್ಟರಾಜುವಿನ ಬಾಯಿಗೆ ಬಂತು. ಆ ಸ್ಥಿತಿಯಲ್ಲೂ ಆ ತಾಯಿ ಕ್ರಮ ಬಿಡಲಿಲ್ಲ ನೋಡಿ. ಅವನು ಒಂದು ಗುಟುಕು ಕುಡಿದ. ಆಮೇಲೆ ಮೇಘಶ್ರೀ ಅದೇ ಚೊಂಬನ್ನು ಅಜ್ಜಿಯ ತುಟಿಗೆ ಹಿಡಿದಳು. ಒಂದು ಗುಟುಕು, ಇನ್ನೊಂದು, ಮತ್ತೊಂದು. ಚಪ್ಪರದಡಿ ಎಲ್ಲರೂ ಬಾಟಲಿ ಬಿಚ್ಚಿದರು, ಕೊಡಗಳಿಗೆ ಮುಗಿಬಿದ್ದರು. ನೀರು ಕುಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ದೊಡ್ಡತಾಯಮ್ಮ ಕಣ್ಣು ಬಿಟ್ಟರು. ಸ್ವಲ್ಪ ಹೊತ್ತು ಉಸಿರೆಳೆದುಕೊಂಡು, ಪೊರಕೆ ಕೊಡು ಅಂದರು.

ಪುಟ್ಟರಾಜು ಅಭ್ಯಾಸದಂತೆ ತಿರುಗಿ ಬೆನ್ನು ಬಗ್ಗಿಸಿದ. ಬಗ್ಗಿಸಿ ಕಾದ. ಏಟು ಬೀಳಲಿಲ್ಲ.

"ನೀನ್ ಏಳಪ್ಪ. ಕಾಂತ, ನೀ ಬಾ ಇಲ್ಲಿ."

ಕಾಂತರಾಜು ಕಣ್ಣೊರೆಸಿಕೊಂಡು ಹತ್ತಿರ ಬಂದ, ಏನೋ ಬೇಕಿರಬೇಕು ಅಂತ ಬಗ್ಗಿದ. ಆ ತಾಯಿ ಪೊರಕೆ ಎತ್ತಿ ಮಗನ ಬೆನ್ನಿಗೆ ಹೊಡೆದರು. ಕೈಯಲ್ಲಿ ಶಕ್ತಿ ಇರಲಿಲ್ಲ, ಕಡ್ಡಿಗಳು ಸುಮ್ಮನೆ ಸವರಿದವು ಅಷ್ಟೇ. ಆದರೆ ಕಾಂತರಾಜು ಬರೆ ಬಿದ್ದವನಂತೆ ನೆಟ್ಟಗಾದ. ಕುಡಿಯುತ್ತಿದ್ದವರು ಕುಡಿಯುವುದನ್ನು ನಿಲ್ಲಿಸಿದರು.

"ಪರಕೆ ನಮ್ಮನೇದು ಕಣ್ಲಾ. ನೀರು ಅವರ್ದು" ಅಂದರು ದೊಡ್ಡತಾಯಮ್ಮ. "ನಮ್ಮತ್ತೆ ಸಾಯೋವಾಗ ಇದ್ನೆಲ್ಲ ಏಳಿ, ಬಾಯ್ಬುಡಬ್ಯಾಡ ಅಂತ ಆಣೆ ತಕಂಡ್ರು. ಅರವತ್ತೊರ್ಸ ಇಟ್ಕಂಡಿದ್ದೆ. ಇನ್ನಾಗಕಿಲ್ಲ."

ಹೇಳಲು ಅವರಿಗೆ ಬಹಳ ಹೊತ್ತು ಬೇಕಾಯಿತು, ನಡುನಡುವೆ ನೀರು ಗುಟುಕರಿಸುತ್ತಾ ಹೇಳಿದರು. ಎರಡು ಯುದ್ಧ ಗೆದ್ದ ನಾಯಕ ಮೂರನೆಯದಕ್ಕೆ ಹೆದರಿದ. ಮುತ್ತಿಗೆಯ ಮೂರನೆಯ ದಿನ, ಬೆಳಕು ಹರಿಯುವ ಮೊದಲು, ಹೆಂಡತಿ ಮಕ್ಕಳನ್ನೂ ಬಿಟ್ಟು ಹಿಂದಿನ ಗಂಡಿಯಿಂದ ಹೋಗಿಬಿಟ್ಟ. ಬೆಳಕಾಗುತ್ತಲೇ ದಂಡು ಆ ಗಂಡಿಗೂ ಕಾವಲು ಹಾಕಿತು. ಒಳಗೆ ಊರಿನ ಜನವೆಲ್ಲ ಇತ್ತು, ನೀರಿರಲಿಲ್ಲ. ಆವತ್ತು ಮಧ್ಯಾಹ್ನದ ಹೊತ್ತಿಗೆ ಕೂಸುಗಳು ಅಳುವುದನ್ನೂ ನಿಲ್ಲಿಸಿದ್ದವು. ಜವರಯ್ಯ ಅಗುಳಿ ಎತ್ತಿದ, ಜನ ಹೊಳೆಗೆ ಓಡಿದರು. ಮೊದಲ ಚೊಂಬು ನೀರನ್ನು ಅವನಿಗೆ ಕುಡಿಸಿದವಳು ನಾಯಕನ ಹೆಂಡತಿ.

"ಕುಡಿಸ್ಬುಟ್ಟು, ಗಂಡ ಬರ್ಲಿ ಅಂತ ಪರಕೆ ಇಡ್ಕಂಡು ಕೂತ್ಳಂತೆ. ಆವಯ್ಯ ಬರ್ನೇ ಇಲ್ಲ. ಜವರಯ್ಯ ಬಂದು, ನಂಗೇ ಒಡೀರವ್ವ, ನಾಯ್ಕ ಓಡೋದ ಅಂದ್ರೆ ನಾಳೀಕೆ ಯಾರೂ ಕಂಪನಿ ಮ್ಯಾಲೆ ಕತ್ತಿ ಎತ್ತಾಕಿಲ್ಲ, ಬಾಗ್ಲಲ್ಲೇ ಸತ್ತ ಅಂತ ಏಳಿ ಅಂತ ಬೆನ್ ಕೊಟ್ನಂತೆ."

ಅವರು ಪುಟ್ಟರಾಜುವಿನ ಕೈ ಹಿಡಿದುಕೊಂಡರು.

"ಎಲ್ಲ ಗೊತ್ತಿದ್ದೂ ಒಡ್ದೆ ಕಣಪ್ಪ. ನಿಮ್ಮಪ್ಪಂಗೂ ಒಡ್ದೆ, ನಿಂಗೂ ಒಡ್ದೆ. ಕ್ಷಮಿಸ್ಬುಡು ನನ್ನ."

ಪುಟ್ಟರಾಜುವಿಗೆ ಮೂವತ್ತು ವರ್ಷ ಬೆನ್ನು ಬಗ್ಗಿಸಿ, ದ್ರೋಹಿಯ ವಂಶದವನು ಅಂದುಕೊಂಡೇ ಕಣ್ಣು ಮುಚ್ಚಿದ ಅಪ್ಪ ನೆನಪಾದರು. ಆ ತಾಯಿಯ ಪಾದದ ಮೇಲೆ ತಲೆಯಿಟ್ಟು, ಮಗುವಿನ ಹಾಗೆ ಅತ್ತುಬಿಟ್ಟ.

ದೂರದಲ್ಲಿ ಸೈರನ್ನು ಕೇಳಿತು. ಆಂಬುಲೆನ್ಸೋ ಮಂತ್ರಿಗಳ ಮುಂದಿನ ಜೀಪೋ ತಿಳಿಯಲಿಲ್ಲ. ಕಾಂತರಾಜು ಅಷ್ಟು ಹೊತ್ತೂ ನೆಲ ನೋಡುತ್ತಾ ನಿಂತಿದ್ದವನು, ತಲೆಯೆತ್ತಿ ಆ ಗಂಡಿಯ ಕಡೆಗೆ ನೋಡಿದ. ಎಷ್ಟೋ ಹೊತ್ತು ನೋಡಿದ. ಮುಖ ಇಷ್ಟೇ ಇಷ್ಟಾಗಿತ್ತು. ಬೆನ್ನಿನ ಮೇಲಿನ ಕಸವನ್ನೂ ಕೊಡವದೆ, ತೆರೆದ ಬಾಗಿಲಿನಿಂದ ಹೊರಗೆ ಹೋದ.

ಹಗ್ಗ ತಾ ಅಂತ ನಾಗೇಶನಿಗೆ ಹೇಳಿದ್ದು ಕೇಳಿಸಿತು. ಕಂಪನಿಯ ಸಿಪಾಯಿಗಳು ಹೋದರು, ನಾಯಕನ ಕಡೆಯವರೂ ಹೋದರು. ಪುಟ್ಟರಾಜು ಕಣ್ಣೊರೆಸಿಕೊಂಡು ಹೊರಗೆ ಬರುವ ಹೊತ್ತಿಗೆ ಕಲ್ಲು ಅರ್ಧ ವಾಲಿತ್ತು, ಭಾರಕ್ಕೆ ಕಾಂತರಾಜುವಿನ ಕತ್ತಿನ ನರ ಉಬ್ಬಿತ್ತು. ಪುಟ್ಟರಾಜು ಹೋಗಿ ಅವನ ಪಕ್ಕದಲ್ಲಿ ಹೆಗಲು ಕೊಟ್ಟ. ಶುಕ್ರವಾರ ಇಳಿಸಿದ ಹಾಗೆಯೇ ಇಬ್ಬರೂ ಸೇರಿ ಇಳಿಸಿದರು. ಅಕ್ಷರಗಳು ಮಣ್ಣಿಗೆ, ಬೋಳು ಬೆನ್ನು ಮೇಲಕ್ಕೆ. ಯಾರೋ ಅದರ ಮೇಲೆ ನೀರಿನ ಕೊಡ ತಂದಿಟ್ಟರು, ಇನ್ನೊಬ್ಬರು ಲೋಟಗಳನ್ನಿಟ್ಟರು.

ಆಂಬುಲೆನ್ಸು ಮೊದಲು ಬಂತು, ದೊಡ್ಡತಾಯಮ್ಮನನ್ನು ಕರೆದುಕೊಂಡು ಹೋಯಿತು. ಹೋಗುವಾಗ ಅವರು ಕೂತೇ ಇದ್ದರು, ಮಾತಾಡುತ್ತಲೇ ಇದ್ದರು. ಮಂತ್ರಿಗಳು ಬಂದು ಇಳಿದಾಗ ಅವರ ಕೈಗೆ ಬಂದದ್ದು ಒಂದು ಲೋಟ ನೀರು, ಒಂದು ಚೂರು ಬೆಲ್ಲ. ಸ್ಮಾರಕ ಎಲ್ಲಿ ಅಂತ ಅವರು ಕೇಳಿದರು.

"ಇದೇ ಸಾ. ನೀರಿನ ಕಟ್ಟೆ" ಅಂದ ಕಾಂತರಾಜು.

ಸಂಜೆ ಅಪ್ಪ ಮಗಳು ಇಬ್ಬರೂ ಮನೆಗೆ ನಡೆದರು. ಪುಟ್ಟರಾಜುವಿನ ಹೆಗಲ ಮೇಲೆ ಶಾಲು ಇರಲಿಲ್ಲ, ಆ ಗಲಾಟೆಯಲ್ಲಿ ಹೊದಿಸುವುದನ್ನು ಎಲ್ಲರೂ ಮರೆತಿದ್ದರು. ಸುತ್ತೋಲೆ ಬಂದಿದೆ ಅಂದಿದ್ದೆಯಲ್ಲ, ಮಕ್ಕಳನ್ನು ಕರೆದುಕೊಂಡು ಬರುತ್ತೀಯಾ ಅಂತ ಕೇಳಿದ. ಬರುತ್ತೇನೆ ಅಂದಳು. ಬಂದು ಏನು ಹೇಳುತ್ತೀಯ ಅಂದ.

"ಮೊದಲು ಎಲ್ಲರಿಗೂ ನೀರು ಕುಡಿಸ್ತೀನಿ. ಆಮೇಲೆ, ಬಾಗಿಲು ತೆಗೆದೋರ ಮನೆಯವಳು ನಾನು ಅಂತ ಹೇಳ್ತೀನಿ."